ಅಟ್ಟದಿಂದ ಬಿದ್ದ ನಾಲ್ಕು ಕಚ್ಚಿನ ಪಟ್ಟಿ: ಒಂದು ಪ್ರಕರಣ ಅಧ್ಯಯನ

ಮೂಡಿಗೆರೆ ಹತ್ತಿರ ನಮ್ಮ ದೊಡ್ಡಪ್ಪನ ಮನೆ. ಮಂಗಳೂರು ಹೆಂಚಿನ ಹಳೇ ಮನೆ. ಈ ವರ್ಷ ಹೂಮಳೆ ಬಿದ್ದಾಗಲೇ ಅಡುಗೆಮನೆ ಮೂಲೆಯಲ್ಲಿ ಸೋರಿತು. ಮಳೆಗಾಲಕ್ಕೆ ಮುಂಚೆ ಹೆಂಚಿನ ಅಡಿಯ ಮರದ ರೀಪು ಬದಲಾಯಿಸಲೇಬೇಕು ಅಂತಾಯಿತು. ರೀಪು ಬದಲಾಯಿಸಬೇಕಾದರೆ ಹೆಂಚು ಇಳಿಸಬೇಕು, ಹೆಂಚು ಇಳಿಸಬೇಕಾದರೆ ಅಟ್ಟ ಖಾಲಿ ಮಾಡಬೇಕು. ನಾನು ಚಿಕ್ಕಮಗಳೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಬೇಸಿಗೆ ರಜೆ ಇತ್ತು, ಕೈಜೋಡಿಸೋಣ ಅಂತ ಹೋದೆ.

ಹರಿದ ಗೊರಬು, ಹಿತ್ತಾಳೆ ಕೊಳಗ, ಗಾಜು ಒಡೆದ ಲಾಟೀನು, ಕಾಫಿ ಪಲ್ಪರ್‌ನ ಹಿಡಿ ಮಾತ್ರ, ಇಷ್ಟರ ಜೊತೆಗೆ ಎರಡು ಮೂಟೆ ಕಬ್ಬಿಣದ ಚೂರು ಇಳಿಯಿತು. ಕಬ್ಬಿಣವನ್ನು ಗುಜರಿಗೆ ಹಾಕುವುದು ಅಂತ ಅಣ್ಣ ಆಗಲೇ ತೀರ್ಮಾನ ಮಾಡಿದ್ದ. ಮೂಟೆಯ ಬಾಯಿ ಕಟ್ಟುವಾಗ ಒಂದು ಪಟ್ಟಿ ಜಾರಿ ಕಲ್ಲಿನ ಮೇಲೆ ಬಿತ್ತು. ಬೇರೆ ಚೂರುಗಳು ಬಿದ್ದರೆ ಮೊಂಡು ಸದ್ದು, ಇದು ಮಾತ್ರ ‘ಟಿಣ್’ ಅಂತ ನುಡಿಯಿತು. ಎತ್ತಿ ನೋಡಿದೆ. ಏನು ಅಂತ ಗೊತ್ತಾಗಲಿಲ್ಲ. ಆದರೆ ಸುಮ್ನೆ ಬಿದ್ದಿದ್ದ ಚೂರಲ್ಲ, ಯಾರೋ ಯೋಚನೆ ಮಾಡಿ ಮಾಡಿಸಿದ ಸಾಮಾನು ಅನ್ನುವುದು ಕೈಗೆ ತಿಳಿಯುತ್ತಿತ್ತು. ಅದನ್ನು ಮೂಟೆಗೆ ವಾಪಸ್ ಹಾಕಲು ಮನಸ್ಸಾಗಲಿಲ್ಲ.

ಅದು ಏನು ಅಂತ ಕಂಡುಹಿಡಿಯಲು ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನ ಯಾಕೆ ಹಿಡಿಯಿತು, ಎಲ್ಲೆಲ್ಲಿ ದಾರಿ ತಪ್ಪಿದೆ ಅನ್ನುವುದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಮಲೆನಾಡಿನ ಎಷ್ಟೋ ಅಟ್ಟಗಳಲ್ಲಿ ಇಂಥ ಸಾಮಾನು ಇನ್ನೂ ಇವೆ, ಮತ್ತು ಅವು ತೂಕದ ಲೆಕ್ಕದಲ್ಲಿ ಹೋಗುತ್ತಿವೆ.

ಕೈಗೆ ಸಿಕ್ಕಿದ್ದು

ಉದ್ದ 19 ಸೆಂಟಿಮೀಟರ್. ಅಗಲ ಎರಡು ಬೆರಳಿಗಿಂತ ಸ್ವಲ್ಪ ಕಡಿಮೆ, ದಪ್ಪ ಸುಮಾರು 5 ಮಿಲಿಮೀಟರ್. ಅಡುಗೆಮನೆಯ ತಕ್ಕಡಿಯಲ್ಲಿ 150 ಗ್ರಾಂ ತೂಗಿತು. ಒಂದು ತುದಿ ಸಣ್ಣಗಾಗುತ್ತಾ ಹೋಗಿ ಕೊನೆಯಲ್ಲಿ ಬಳೆಯ ಹಾಗೆ ಬಗ್ಗಿತ್ತು, ಮೊಳೆಗೆ ನೇತುಹಾಕಲು ಅನುಕೂಲವಾಗುವ ಹಾಗೆ. ಇನ್ನೊಂದು ತುದಿಯ ಹತ್ತಿರ ಒಂದೇ ಅಂಚಿನಲ್ಲಿ ಸಾಲಾಗಿ ನಾಲ್ಕು ಕಚ್ಚು, ಅಂದರೆ ಕೊಯ್ದು ಮಾಡಿದ ಸಣ್ಣ ಸಂದು. ಒಂದಕ್ಕಿಂತ ಒಂದು ಅಗಲ. ತಲೆಯ ಮೇಲೆ ಒಣಗಿದ ನೀಲಿ ಬಣ್ಣದ ಕಲೆ.

ಅಣ್ಣ ಆಗಲೇ ಸ್ಯಾಂಡ್‌ಪೇಪರ್ ತಂದಿದ್ದ, ಉಜ್ಜಿ ಹೊಳೆಸಿ ಕೊಡುತ್ತೇನೆ ಅಂತ. ಬೇಡ ಅಂದೆ. ಹಳೇ ಉಪಕರಣದ ತುಕ್ಕಿನ ಅಡಿಯಲ್ಲಿ ಏನಾದರೂ ಮುದ್ರೆ, ಗೀರು, ಸವೆತ ಇದ್ದರೆ ಅದೇ ಅದರ ಚರಿತ್ರೆ. ತಂತಿ ಬ್ರಷ್ಷೋ ಸ್ಯಾಂಡ್‌ಪೇಪರೋ ಎರಡು ನಿಮಿಷದಲ್ಲಿ ಅದನ್ನೆಲ್ಲ ಅಳಿಸಿಬಿಡುತ್ತದೆ, ಆಮೇಲೆ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಒಂದು ತಟ್ಟೆಯಲ್ಲಿ ಸೀಮೆಎಣ್ಣೆ ಹಾಕಿ ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಿಗ್ಗೆ ಹಳೇ ಬನಿಯನ್ ಬಟ್ಟೆಯಿಂದ ಮೆತ್ತಗೆ ಒರೆಸಿದೆ. ಅಷ್ಟೇ ಸಾಕಾಯಿತು.

ಎಲ್ಲರಿಗೂ ಒಂದೊಂದು ಉತ್ತರ

ಮೊದಲು ಕೇಳಿದ್ದು ದೊಡ್ಡಪ್ಪನನ್ನೇ. ಅವರು ನೋಡಿದ ತಕ್ಷಣ, “ಅಯ್ಯೋ ಮಗಾ, ಅದು ಪೇಂಟ್ ಡಬ್ಬದ ಮುಚ್ಚಳ ತೆಗೆಯೋದು” ಅಂದರು. ಸುಳ್ಳಲ್ಲ. ಮೂವತ್ತು ವರ್ಷದಿಂದ ಅವರು ಅದನ್ನು ಬಳಸಿದ್ದು ಅದಕ್ಕೇ, ನೀಲಿ ಕಲೆಯೇ ಸಾಕ್ಷಿ. ದೊಡ್ಡಮ್ಮ, ಶಾವಿಗೆ ಒರಳಿನ ನಟ್ಟು ತಿರುಗಿಸಲು ಇಟ್ಟುಕೊಂಡಿದ್ದಿರಬೇಕು ಅಂದರು. ಅಣ್ಣ ಫೋನಿನಲ್ಲಿ ಫೋಟೋ ತೆಗೆದು ಹುಡುಕಿದ, ಬಾಟಲಿ ಮುಚ್ಚಳ ತೆಗೆಯುವುದು ಅಂತ ಬಂತು. ಸೈಕಲ್ ಶಾಪಿನವರು ಕಡ್ಡಿ ಬಿಗಿ ಮಾಡುವ ಕೀ ಅಂದರು. ಪೇಟೆಯ ಹಾರ್ಡ್‌ವೇರ್ ಅಂಗಡಿಯ ಹಿರಿಯರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ವೈರ್ ಗೇಜ್, ತಂತಿ ಎಷ್ಟು ದಪ್ಪ ಅಂತ ನೋಡೋದು” ಅಂದರು.

ಐದು ಜನ, ಐದು ಉತ್ತರ. ಇಲ್ಲಿ ನನ್ನದೇ ಒಂದು ತಪ್ಪಿತ್ತು. ಎಲ್ಲರ ಮುಂದೆಯೂ “ಇದೇನು ಹೇಳಿ ನೋಡೋಣ” ಅಂತ ಹಿಡಿದಿದ್ದೆ. ಹಾಗೆ ಕೇಳಿದರೆ ಯಾರಿಗೂ ಗೊತ್ತಿಲ್ಲ ಅನ್ನಲು ಮನಸ್ಸು ಬರುವುದಿಲ್ಲ. ತಮಗೆ ಗೊತ್ತಿರುವ ಸಾಮಾನುಗಳಲ್ಲಿ ಇದಕ್ಕೆ ಹತ್ತಿರ ಇರುವುದನ್ನು ಹೇಳುತ್ತಾರೆ. ಉತ್ತರ ಕೇಳುವವರ ಮೇಲಿನ ಪ್ರೀತಿಯಿಂದ ಬರುತ್ತದೆ, ವಸ್ತುವಿನಿಂದ ಬರುವುದಿಲ್ಲ. ಆದ್ದರಿಂದ ಕೇಳುವುದನ್ನು ನಿಲ್ಲಿಸಿ, ವಸ್ತುವನ್ನೇ ನೋಡಲು ಕೂತೆ.

ಅಳತೆ

ಶಾಲೆಯ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ ತರಿಸಿದೆ. ಅದರ ಒಳಗಿನ ದವಡೆ ಈ ಕಚ್ಚುಗಳ ಒಳಗೆ ಹೋಗಲೇ ಇಲ್ಲ, ಅಷ್ಟು ಕಿರಿದು. ಬೈಕ್ ಮೆಕ್ಯಾನಿಕ್ ಹತ್ತಿರ ಫೀಲರ್ ಗೇಜ್ ಇರುತ್ತದೆ. ಟ್ಯಾಪೆಟ್ ಸಂದು ನೋಡಲು ಬಳಸುವ ತೆಳು ಎಲೆಗಳ ಗೊಂಚಲು. ಅದನ್ನು ಒಂದು ದಿನಕ್ಕೆ ಕೇಳಿ ತಂದೆ. ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ, ಬಿಗಿಯಾಗಿ ಕೂರುವ ತನಕ ಹಾಕಿ ನೋಡಿದೆ. ಕಚ್ಚಿನ ತಳದಲ್ಲಿ ಅಗಲ 1.1, 1.3, 1.75, 2.2 ಮಿಲಿಮೀಟರ್. ಆಳ ಬಹಳ ಕಡಿಮೆ: ಕ್ರಮವಾಗಿ 2, 2.5, 4.5, 5 ಮಿಲಿಮೀಟರ್.

ಸೈಕಲ್ ಕಡ್ಡಿಯ ಕೀ ಅನ್ನುವುದು ಇಲ್ಲಿಗೇ ಬಿದ್ದುಹೋಯಿತು. ಕಡ್ಡಿಯ ನಿಪ್ಪಲ್ ಮೂರು ಮಿಲಿಮೀಟರಿಗಿಂತ ಜಾಸ್ತಿ ಇರುತ್ತದೆ. ಶಾವಿಗೆ ಒರಳಿನ ನಟ್ಟಿಗಂತೂ ಇದು ಸಾಲುವುದೇ ಇಲ್ಲ. ಗಾಜು ಕೊಯ್ಯುವ ಹಳೇ ಉಪಕರಣಗಳಲ್ಲೂ ಹೀಗೆ ಸಾಲಾಗಿ ಕಚ್ಚು ಇರುತ್ತವೆ, ಕೊಯ್ದ ಗಾಜಿನ ಅಂಚನ್ನು ಮುರಿಯಲು. ಆದರೆ ಕಿಟಕಿಗೆ ಹಾಕುವ ಗಾಜು 3 ಅಥವಾ 4 ಮಿಲಿಮೀಟರ್ ಇರುತ್ತದೆ, ಅದು ಇಲ್ಲಿ ತೂರುವುದಿಲ್ಲ.

ಉಳಿದದ್ದು ವೈರ್ ಗೇಜ್. ಇದು ನನ್ನನ್ನು ಮೂರು ದಿನ ಹಿಡಿದಿಟ್ಟಿತು, ಯಾಕೆಂದರೆ ಅಳತೆಗಳು ಅಷ್ಟು ಹತ್ತಿರ ಬಂದವು. ಬ್ರಿಟಿಷರು 1884ರಲ್ಲಿ ಕಾನೂನಾಗಿ ತಂದ ತಂತಿ ಅಳತೆಯಲ್ಲಿ 19 ನಂಬರ್ ಅಂದರೆ 1.016 ಮಿಲಿಮೀಟರ್, 18 ನಂಬರ್ 1.219, 16 ನಂಬರ್ 1.626, 14 ನಂಬರ್ 2.032. ನನ್ನ ನಾಲ್ಕು ಅಂಕಿಗಳನ್ನು ಪಕ್ಕದಲ್ಲಿ ಇಟ್ಟು ನೋಡಿ. ಪ್ರತಿಯೊಂದೂ ಒಂದು ಕೂದಲೆಳೆಯಷ್ಟು ದೊಡ್ಡದು, ಅಷ್ಟೇ. ಸವೆದು ಅಗಲ ಆಗಿದೆ ಅಂದುಕೊಂಡು, ಸಿಕ್ಕಿತು ಅಂತ ಖುಷಿಪಟ್ಟೆ.

ಆದರೆ ಎರಡು ವಿಷಯ ಚುಚ್ಚುತ್ತಲೇ ಇತ್ತು. ವೈರ್ ಗೇಜಿನಲ್ಲಿ ಪ್ರತಿ ಸೀಳಿನ ತಳದಲ್ಲಿ ಒಂದು ದುಂಡು ತೂತು ಇರುತ್ತದೆ, ತಂತಿ ಸೀಳಿನಲ್ಲಿ ಹಾದು ತೂತಿಗೆ ಬೀಳಲಿ ಅಂತ. ಇಲ್ಲಿ ತೂತೂ ಇಲ್ಲ, ಆಳವೂ ಇಲ್ಲ. ಎರಡನೆಯದು, ಅಳತೆ ಮಾಡುವ ಸಾಮಾನಿಗೆ ಇಷ್ಟುದ್ದ ಹಿಡಿ ಯಾಕೆ? ಬಲ ಹಾಕಬೇಕಾದ ಕಡೆ ಹಿಡಿ ಉದ್ದ ಇರುತ್ತದೆ. ತಂತಿ ಅಳೆಯಲು ಬಲ ಬೇಕಿಲ್ಲವಲ್ಲ.

ಸವೆತ ಹೇಳಿದ್ದು

ಪಟ್ಟಿಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು, ಲ್ಯಾಬಿನ ಭೂತಗನ್ನಡಿಯಲ್ಲಿ ಇಂಚಿಂಚು ನೋಡಿದೆ. ಇಡೀ ಪ್ರಕರಣ ತಿರುಗಿದ್ದು ಇಲ್ಲಿ.

ತಲೆಯ ತುದಿಯಲ್ಲಿ ಒರಟು ಗೀರುಗಳಿದ್ದವು, ಒಂದೆರಡು ಕಡೆ ಸುತ್ತಿಗೆ ಏಟಿಗೆ ಅಂಚು ಮಡಿಸಿತ್ತು. ಆದರೆ ಆ ಗೀರುಗಳು ತುಕ್ಕಿನ ಪದರವನ್ನು ಕೊಯ್ದುಕೊಂಡು ಹೋಗಿದ್ದವು. ಅಂದರೆ ತುಕ್ಕು ಮೊದಲು, ಗೀರು ಆಮೇಲೆ. ಪೇಂಟ್ ಡಬ್ಬದ ಕಾಲ ಅದು. ಕಚ್ಚುಗಳ ಬಾಯಿಯ ಸವೆತ ಹಾಗಲ್ಲ. ಅಲ್ಲಿ ಲೋಹ ನುಣ್ಣಗೆ ಮಿರುಗುವ ಹಾಗೆ ಸವೆದು, ಅದರ ಮೇಲೆ ತುಕ್ಕು ಕೂತಿತ್ತು. ಆ ಕೆಲಸ ಹಳೆಯದು. ಒಂದು ಉಪಕರಣಕ್ಕೆ ಎರಡು ಜನ್ಮ ಇರಬಹುದು ಅನ್ನುವುದನ್ನು ನಾನು ಅಲ್ಲಿಯ ತನಕ ಯೋಚಿಸಿರಲಿಲ್ಲ. ದೊಡ್ಡಪ್ಪ ಹೇಳಿದ್ದು ಎರಡನೇ ಜನ್ಮದ ಕತೆ.

ಕಚ್ಚಿನ ತಳ ಬಿಗಿಯಾಗಿತ್ತು, ಬಾಯಿ ಮಾತ್ರ ಅಗಲವಾಗಿತ್ತು. ಒಳಗೆ ಏನನ್ನೋ ತೂರಿಸಿ ಹಿಡಿಯನ್ನು ಒಂದು ಕಡೆಗೆ ಬಗ್ಗಿಸಿದರೆ ಒತ್ತಡ ಬೀಳುವುದು ಬಾಯಿಯ ಅಂಚಿಗೆ. ಹಿಡಿಯ ಎರಡು ಪಕ್ಕವೂ ಅಂಗೈ ತಾಗಿ ದುಂಡಗಾಗಿದ್ದವು. ಯಾರೋ ಇದನ್ನು ಸಾವಿರಾರು ಸಲ ಆ ಕಡೆಗೂ ಈ ಕಡೆಗೂ ಬಗ್ಗಿಸಿದ್ದಾರೆ. ತೆಳ್ಳಗಿನ ಲೋಹದ ತುದಿಯನ್ನು ಹಿಡಿದು ಬಗ್ಗಿಸುವ ಕೆಲಸ. ಕಚ್ಚಿನ ಆಳ ಕಡಿಮೆ ಇರುವುದರಿಂದ ತುದಿಯಷ್ಟೇ ಬಗ್ಗಬೇಕು, ಬುಡ ಬಗ್ಗಬಾರದು.

ಇನ್ನೊಂದು ಗುರುತು ಹಿಡಿಯ ಮೇಲಿತ್ತು. ಮೊದಲು ಅದನ್ನು ತುಕ್ಕಿನ ಕಲೆ ಅಂದುಕೊಂಡಿದ್ದೆ. ಬೆಳಕು ಓರೆಯಾಗಿ ಬಿದ್ದಾಗ ಕಂಡಿತು: ಒಂದರ ಮೇಲೊಂದು ಅಡ್ಡಡ್ಡ ಹಾಯುವ ಸಣ್ಣ ಗೆರೆಗಳು, ಚಾಪೆಯ ಹೆಣಿಗೆಯ ಹಾಗೆ. ಅರದ ಗೆರೆ! ಈ ಪಟ್ಟಿ ಮೊದಲು ಒಂದು ಅರ ಆಗಿತ್ತು, ಲೋಹ ಉಜ್ಜಿ ಹರಿತ ಮಾಡುವ ಸಾಮಾನು. ಸವೆದ ಅರವನ್ನು ಕಾಯಿಸಿ ಬಡಿದು ಯಾರೋ ಕಮ್ಮಾರರು ಇದನ್ನು ಮಾಡಿದ್ದರು. ಅಂದಮೇಲೆ ಯಾವ ಕಂಪನಿಯ ಪುಸ್ತಕದಲ್ಲೂ ಇದರ ಚಿತ್ರ ಇರುವುದಿಲ್ಲ.

ಅರದ ಉಕ್ಕಿನಲ್ಲಿ ಇಂಗಾಲ ಜಾಸ್ತಿ, ನೂರಕ್ಕೆ ಒಂದು ಪಾಲಿಗಿಂತ ಸ್ವಲ್ಪ ಮೇಲೆ. ಅದಕ್ಕೇ ಅದು ಅಷ್ಟು ಗಡಸು. ಆದರೆ ಅಷ್ಟೇ ಪೆಡಸು, ಬಗ್ಗಿಸಿದರೆ ಗಾಜಿನ ಹಾಗೆ ಮುರಿಯುತ್ತದೆ. ಅದರಲ್ಲಿ ಇಂಥ ಕಚ್ಚು ಹಾಕಬೇಕಾದರೆ ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಬೇಕು, ಆಗ ಮೆತ್ತಗಾಗುತ್ತದೆ. ಕಚ್ಚು ಕೊಯ್ದ ಮೇಲೆ ಮತ್ತೆ ಕಾಯಿಸಿ ಅದ್ದಿ ಗಡಸು ಮಾಡಬೇಕು. ಅಷ್ಟಕ್ಕೇ ಬಿಟ್ಟರೆ ಮೊದಲ ದಿನವೇ ತುಂಡಾಗುತ್ತದೆ. ಆದ್ದರಿಂದ ಮೂರನೇ ಸಲ ಹದವಾಗಿ ಬಿಸಿ ಮಾಡಿ ಪೆಡಸು ಇಳಿಸಬೇಕು. ಉಜ್ಜಿದ ಉಕ್ಕಿನ ಮೇಲೆ ಆಗ ಬಣ್ಣ ಓಡುತ್ತದೆ, ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಬಣ್ಣ, 300ರ ಹತ್ತಿರ ನೀಲಿ. ಕಮ್ಮಾರರು ಥರ್ಮಾಮೀಟರ್ ಇಲ್ಲದೆ ಆ ಬಣ್ಣ ನೋಡಿಯೇ ನಿಲ್ಲಿಸುತ್ತಾರೆ. 150 ಗ್ರಾಂ ಕಬ್ಬಿಣಕ್ಕೆ ಇಷ್ಟು ಕೆಲಸ ಹಿಡಿದಿದೆ. ಗುಜರಿಯವನ ತಕ್ಕಡಿಗೆ ಇದು ಕಾಣುವುದಿಲ್ಲ, ಅದೇ ನನಗೆ ಸಂಕಟ.

ಸವೆದ ಅರ ಯಾರ ಹತ್ತಿರ ರಾಶಿ ಬೀಳುತ್ತದೆ? ಈ ಪ್ರಶ್ನೆ ಬಂದ ಮೇಲೆ ಉತ್ತರ ದೂರ ಇರಲಿಲ್ಲ. ದೊಡ್ಡಪ್ಪನನ್ನು ಈ ಸಲ ಬೇರೆ ಥರ ಕೇಳಿದೆ: “ನಮ್ಮ ಮನೆಗೆ ಯಾವ ಕೆಲಸದವರು ಅರ ಇಟ್ಟುಕೊಂಡು ಬರ್ತಿದ್ರು?”

“ಅರ ಅಂದ್ರೆ... ಮರ ಕುಯ್ಯೋರು. ದಿನಾ ಬೆಳಿಗ್ಗೆ ಗರಗಸಕ್ಕೆ ಅರ ಹಾಕ್ತಾ ಕೂತಿರೋರು. ಮನೆ ಕಟ್ಟಿದಾಗ ಎರಡು ತಿಂಗಳು ನಮ್ಮ ಕಣದಲ್ಲೇ ಇದ್ರು.”

ಅಟ್ಟಕ್ಕೆ ಮತ್ತೆ ಹತ್ತಿ ಹಲಗೆಗಳ ಕೆಳಮೈ ನೋಡಿದೆ. ತೋಪಡ ಹಾಕಿ ನುಣುಪು ಮಾಡದ ಮೈ ಅದು. ಯಂತ್ರದ ದುಂಡು ಗರಗಸದಲ್ಲಿ ಕೊಯ್ದಿದ್ದರೆ ಮರದ ಮೇಲೆ ಬಿಲ್ಲಿನ ಹಾಗೆ ಬಾಗಿದ ಗುರುತು ಇರುತ್ತದೆ. ಇಲ್ಲಿ ನೇರ ಗೆರೆಗಳು, ಆದರೆ ಒಂದೇ ಓರೆಯಲ್ಲಿಲ್ಲ. ಹತ್ತು ಗೆರೆ ಒಂದು ಕೋನದಲ್ಲಿ, ಆಮೇಲೆ ಸ್ವಲ್ಪ ಬದಲು. ದಣಿದ ಕೈ ಗರಗಸವನ್ನು ಹಿಡಿಯುವ ಓರೆ ಬದಲಾಯಿಸಿದ ಗುರುತು. ಇವು ಕೈಯಲ್ಲಿ ಕುಯ್ದ ಹಲಗೆಗಳು.

ಹೆಸರು ಕೇಳಲಿಲ್ಲ, ಕೈಗೆ ಕೊಟ್ಟೆ

ಆ ಕೆಲಸ ಮಾಡಿದವರಲ್ಲಿ ಒಬ್ಬರು ಇನ್ನೂ ಇದ್ದಾರೆ ಅಂತ ದೊಡ್ಡಪ್ಪನಿಗೆ ನೆನಪಾಯಿತು. ಹುಡುಗನಾಗಿದ್ದಾಗ ಘಟ್ಟದ ಕೆಳಗಿಂದ ಬಂದು ಇಲ್ಲೇ ನಿಂತವರು. ಈಗ ಎಂಬತ್ತು ದಾಟಿದೆ. ಮಗ, ಮೊಮ್ಮಗ ತೋಟದ ಕೆಲಸದಲ್ಲಿದ್ದಾರೆ. ಇಬ್ಬರೂ ಹೋದೆವು. ಅಜ್ಜ ಜಗಲಿಯಲ್ಲಿ ಕೂತು ಮೆಣಸು ಆರಿಸುತ್ತಿದ್ದರು.

ಐದು ಜನರ ಹತ್ತಿರ ಮಾಡಿದ ತಪ್ಪನ್ನು ಇಲ್ಲಿ ಮಾಡಬಾರದು ಅಂತ ಮೊದಲೇ ಅಂದುಕೊಂಡಿದ್ದೆ. ದೊಡ್ಡಪ್ಪನಿಗೂ ದಾರಿಯಲ್ಲೇ ಹೇಳಿದ್ದೆ, ಗರಗಸದ ಮಾತು ಎತ್ತಬೇಡಿ ಅಂತ. ಕಾಫಿ ಬಂತು, ಮಳೆ ಬೆಳೆ ಮಾತಾಯಿತು. ಆಮೇಲೆ ಏನೂ ಹೇಳದೆ ಪಟ್ಟಿಯನ್ನು ಅಜ್ಜನ ಕೈಯಲ್ಲಿ ಇಟ್ಟೆ.

ಅವರು ಅದನ್ನು ನೋಡುವುದಕ್ಕೆ ಮುಂಚೆ ಕೈ ಅದನ್ನು ಹಿಡಿದಿತ್ತು. ಬಳೆಯಂಥ ತುದಿ ಅಂಗೈ ಒಳಗೆ, ಹೆಬ್ಬೆರಳು ಕಚ್ಚುಗಳ ಹಿಂದೆ. ಹೆಬ್ಬೆರಳಿನಿಂದ ಕಚ್ಚುಗಳನ್ನು ಒಂದೊಂದಾಗಿ ಮುಟ್ಟಿ ಮೂರನೆಯದರಲ್ಲಿ ನಿಲ್ಲಿಸಿದರು. ಎಡಗೈಯ ಎರಡು ಬೆರಳನ್ನು ಗಾಳಿಯಲ್ಲಿ ಏನನ್ನೋ ಹಿಡಿದ ಹಾಗೆ ಚಾಚಿದರು. ಬಲಗೈ ಕೆಳಗೆ ಬಂತು, ಮಣಿಕಟ್ಟು ಒಂದಿಷ್ಟು ವಾಲಿತು, ಎದ್ದಿತು, ಎರಡು ಬೆರಳು ಅಂತರ ಹಾರಿ ಮತ್ತೆ ಇಳಿಯಿತು. ಮತ್ತೆ ಹಾರಿತು. ಹಾಗೆ ನಾಲ್ಕು ಸಲ. ಆಮೇಲೆ ಮುಖ ಎತ್ತಿ, “ಹಲ್ಲು ಬಗ್ಗಿಸೋದಲ್ವಾ ಇದು? ಎಲ್ಲಿ ಸಿಕ್ತಮ್ಮ?” ಅಂದರು.

“ಯಾಕಜ್ಜ ಹಾರಿ ಹಾರಿ ಹೋದ್ರಿ?”

“ಒಂದು ಬಿಟ್ಟು ಒಂದು. ಈ ಕಡೆಯಿಂದ ಹೋಗ್ತಾ ಒಂದು ಸಾಲು, ತಿರುಗಿ ಬರ್ತಾ ಬಿಟ್ಟಿದ್ದು. ಎಲ್ಲಾ ಹಲ್ಲು ಒಂದೇ ಕಡೆ ಬಗ್ಗಿಸಿದ್ರೆ ಗರಗಸ ನೂಲಿನ ಗೆರೆ ಮೇಲೆ ನಿಲ್ಲಲ್ಲ, ಪಕ್ಕಕ್ಕೆ ಓಡ್ತದೆ.”

ಇದಕ್ಕೆ ಏನಂತಾರೆ ಅಂತ ಕೊನೆಗೆ ಕೇಳಿದೆ. “ಹೆಸರು ಎಂಥದೂ ಇಲ್ಲ. ಹಲ್ಲು ಬಗ್ಗಿಸೋದು ಕೊಡು ಅಂದ್ರೆ ಕೊಡ್ತಿದ್ರು. ನಮ್ಮ ಮೇಸ್ತ್ರಿ ಹತ್ರ ಇಂಥದೇ ಇತ್ತು.” ಪೇಟೆಯ ಬಡಗಿಗಳು ಈ ಕೆಲಸಕ್ಕೆ ‘ಸೆಟ್’ ಅನ್ನುತ್ತಾರೆ ಅಂತ ಆಮೇಲೆ ತಿಳಿಯಿತು.

ಕೆಲಸದ ವಿವರವನ್ನು ಅಜ್ಜ ಒಂದು ಗಂಟೆ ಹೇಳಿದರು. ದಿಮ್ಮಿಯನ್ನು ಆಳೆತ್ತರದ ಅಟ್ಟಣೆ ಮೇಲೆ ಏರಿಸಿ, ಕರಿ ಹಚ್ಚಿದ ನೂಲು ಎಳೆದು ಗೆರೆ ಹೊಡೆಯುವುದು. ಒಬ್ಬ ಮೇಲೆ ನಿಂತು ಗೆರೆ ನೋಡಿ ನಡೆಸುವವನು, ಒಬ್ಬ ಕೆಳಗೆ ಎಳೆಯುವವನು. ಗರಗಸ ಕೊಯ್ಯುವುದು ಕೆಳಗೆ ಬರುವಾಗ, ಹಾಗಾಗಿ ಮರದ ಹೊಟ್ಟು ಎಲ್ಲ ಕೆಳಗಿನವನ ಕಣ್ಣಿಗೆ. ಅಜ್ಜ ಮೊದಲು ಆರು ವರ್ಷ ಕೆಳಗಿನವರಾಗಿದ್ದರಂತೆ. ಹಲ್ಲು ಸರಿಯಾಗಿ ಬಗ್ಗಿಸದ ದಿನ ಮಧ್ಯಾಹ್ನದೊಳಗೆ ಭುಜ ಬಿದ್ದುಹೋಗುತ್ತಿತ್ತು.

ಕಾರಣ ಸರಳ. ಗರಗಸದ ತಗಡು ಎಷ್ಟು ದಪ್ಪವೋ ಅಷ್ಟೇ ಅಗಲದ ಸೀಳು ಮರದಲ್ಲಿ ಬಿದ್ದರೆ, ಎರಡು ಕಡೆಯ ಮರವೂ ತಗಡನ್ನು ಒತ್ತಿ ಹಿಡಿಯುತ್ತದೆ. ಹೊಟ್ಟು ಹೊರಗೆ ಬರಲು ಜಾಗವಿಲ್ಲ. ಗರಗಸ ಬಿಸಿಯಾಗುತ್ತದೆ, ಕಚ್ಚಿಕೊಳ್ಳುತ್ತದೆ. ಒಂದು ಹಲ್ಲಿನ ತುದಿ ಎಡಕ್ಕೆ, ಮುಂದಿನದು ಬಲಕ್ಕೆ ಒಂದು ಎಳೆ ವಾಲಿದ್ದರೆ ಸೀಳು ತಗಡಿಗಿಂತ ಅಗಲ ಆಗುತ್ತದೆ, ಗರಗಸ ಸರಾಗ ಓಡುತ್ತದೆ. ರೋಮಿನ ಪ್ಲಿನಿ ಅನ್ನುವವರು ಹೊಟ್ಟು ಹೊರಗೆ ಬರಲಿ ಅಂತ ಹಲ್ಲನ್ನು ಆಚೆಗೊಂದು ಈಚೆಗೊಂದು ಬಗ್ಗಿಸುತ್ತಾರೆ ಅಂತ ಬರೆದಿದ್ದಾರೆ. ಅವರು ತೀರಿಕೊಂಡದ್ದು ಕ್ರಿಸ್ತಶಕ 79ರಲ್ಲಿ. ಅಜ್ಜ ನನಗೆ ಹೇಳಿದ್ದೂ ಅದೇ ಮಾತು.

ಎಷ್ಟು ಬಗ್ಗಿಸಬೇಕು ಅನ್ನುವುದು ಮರದ ಮೇಲೆ ನಿಂತಿದೆ. ಹಸಿ ಮರದ ನಾರು ನೀರು ಕುಡಿದು ಉಬ್ಬಿರುತ್ತದೆ, ಅದಕ್ಕೆ ಜಾಸ್ತಿ ಬೇಕು. ಒಣಗಿದ ಬೀಟೆ, ಹೊನ್ನೆಗೆ ಕಡಿಮೆ ಸಾಕು. ಬೇಕಾದ್ದಕ್ಕಿಂತ ಜಾಸ್ತಿ ಬಗ್ಗಿಸಿದರೆ ಗರಗಸ ಸರಾಗ ಹೋಗುತ್ತದೆ, ಆದರೆ ಮರ ಹೊಟ್ಟಾಗಿ ಹೋಗುತ್ತದೆ. ಸೀಳು ಒಂದೇ ಮಿಲಿಮೀಟರ್ ಜಾಸ್ತಿಯಾದರೂ ಇಪ್ಪತ್ತು ಸೀಳಿಗೆ 20 ಮಿಲಿಮೀಟರ್. ಒಂದು ಹಲಗೆಯೇ ಹೋಯಿತು ಅಲ್ವಾ! ಬೀಟೆ ಮರದಲ್ಲಿ ಅದು ಸಣ್ಣ ನಷ್ಟವಲ್ಲ. “ಗೌಡ್ರು ಸಂಜೆ ಬಂದು ಹೊಟ್ಟಿನ ರಾಶಿ ನೋಡ್ತಿದ್ರು” ಅಂದರು ಅಜ್ಜ, ನಮ್ಮ ತಾತನ ಬಗ್ಗೆ.

ಅಳತೆಯ ಗಂಟೂ ಇಲ್ಲೇ ಬಿಚ್ಚಿಕೊಂಡಿತು. ಅಜ್ಜನ ಮಾಡಿನಲ್ಲಿ ಅವರ ಹಳೇ ಗರಗಸ ಸಿಕ್ಕಿಸಿತ್ತು. ಇಳಿಸಿ ವರ್ನಿಯರ್ ಹಿಡಿದೆ: ದಪ್ಪ 1.6 ಮಿಲಿಮೀಟರ್. 16 ನಂಬರ್ ತಗಡು. ಪಟ್ಟಿಯ ಮೂರನೇ ಕಚ್ಚು 1.75. ಗರಗಸದ ತಗಡಿಗೂ ತಂತಿಯ ನಂಬರುಗಳನ್ನೇ ಬಳಸುತ್ತಿದ್ದರು. ಆದ್ದರಿಂದ ಹಾರ್ಡ್‌ವೇರ್ ಅಂಗಡಿಯ ಹಿರಿಯರು ಪೂರ್ತಿ ತಪ್ಪಿರಲಿಲ್ಲ. ಕಚ್ಚು ಒಂದು ಕೂದಲೆಳೆ ದೊಡ್ಡದಾಗಿದ್ದದ್ದು ಸವೆತದಿಂದಲ್ಲ, ಹಲ್ಲು ಒಳಗೆ ಸಲೀಸಾಗಿ ಕೂರಲಿ ಅಂತ ಬೇಕೆಂದೇ ಹಾಗೆ ಕೊಯ್ದದ್ದು. ಆಳವೂ ಲೆಕ್ಕದ್ದೇ. ಆ ಗರಗಸದ ಹಲ್ಲು ಸುಮಾರು 13 ಮಿಲಿಮೀಟರ್ ಎತ್ತರ, ಕಚ್ಚಿನ ಆಳ 4.5. ಮೇಲಿನ ಮೂರನೇ ಒಂದು ಪಾಲಷ್ಟೇ ಒಳಗೆ ಹೋಗುತ್ತದೆ, ಅಷ್ಟೇ ಬಗ್ಗುತ್ತದೆ. ಬುಡದಿಂದ ಬಗ್ಗಿಸಿದರೆ ಹಲ್ಲು ಮುರಿಯುತ್ತದೆ, ಇಲ್ಲವೇ ಗರಗಸದ ತಗಡು ಸೊಟ್ಟಗಾಗುತ್ತದೆ. ಕಚ್ಚಿನ ತಳವೇ ‘ಇಲ್ಲಿಗೆ ನಿಲ್ಲು’ ಅಂತ ತಡೆಯುತ್ತಿತ್ತು.

ಪರೀಕ್ಷೆ

ಕೈಯ ನೆನಪು, ಸವೆತ, ಅಳತೆ, ಮೂರೂ ಒಂದೇ ಕಡೆ ತೋರಿಸಿದರೂ ಕೆಲಸ ಮಾಡಿಸಿ ನೋಡದೆ ನಾನು ಬರೆಯುವವಳಲ್ಲ. ದೊಡ್ಡಪ್ಪನ ಕೈಗರಗಸ ಒಂದಿತ್ತು, ಅಡ್ಡ ಕೊಯ್ಯುವುದು, ತಗಡು 1 ಮಿಲಿಮೀಟರ್. ವರ್ಷಗಟ್ಟಲೆ ಅರ ಹಾಕಿ ಹಾಕಿ ಹಲ್ಲಿನ ವಾಲು ಸವೆದುಹೋಗಿತ್ತು. ತೋಟದಲ್ಲಿ ಹೊಸದಾಗಿ ಕಡಿದ ಸಿಲ್ವರ್ ಓಕ್ ತುಂಡಿಗೆ ಹಿಡಿದೆವು. ಎರಡು ಬೆರಳು ಆಳ ಹೋಗುವಷ್ಟರಲ್ಲಿ ಗರಗಸ ಕಚ್ಚಿಕೊಂಡಿತು. ಅಣ್ಣ ಎಳೆದರೂ ಬರಲಿಲ್ಲ, ಸೀಳಿಗೆ ಬೆಣೆ ಹೊಡೆದು ಬಿಡಿಸಬೇಕಾಯಿತು. ಸೀಳಿನ ಅಗಲ 1.05.

ಮರುದಿನ ಅಜ್ಜನನ್ನು ಜೀಪಿನಲ್ಲಿ ಕರೆದುಕೊಂಡು ಬಂದೆವು. ಎರಡು ರೀಪಿನ ನಡುವೆ ಗರಗಸವನ್ನು ಹಲ್ಲು ಮೇಲಾಗಿ ಬಿಗಿಸಿದರು. ಮೊದಲು ಚಪ್ಪಟೆ ಅರವನ್ನು ಹಲ್ಲುಗಳ ತಲೆಯ ಮೇಲೆ ಉದ್ದಕ್ಕೆ ಎಳೆದು ಎತ್ತರ ಸಮ ಮಾಡಿದರು. ಆಮೇಲೆ ನಮ್ಮ ಪಟ್ಟಿಯ ಮೊದಲ ಕಚ್ಚು, 1.1ರದ್ದು. ಒಂದು ಬಿಟ್ಟು ಒಂದು. ಕಣ್ಣು ಅಷ್ಟಾಗಿ ಕಾಣದು, ಬೆರಳಲ್ಲೇ ಲೆಕ್ಕ. ಬಗ್ಗಿಸಿದ ಮೇಲೆ ಮೂರು ಮೂಲೆಯ ಅರದಿಂದ ಹರಿತ ಮಾಡಿದರು. ಕೊನೆಗೆ ದೊಡ್ಡಮ್ಮನ ಹತ್ತಿರ ಒಂದು ಹೊಲಿಗೆ ಸೂಜಿ ಕೇಳಿದರು. ಎಡಕ್ಕೆ ವಾಲಿದ ಸಾಲು, ಬಲಕ್ಕೆ ವಾಲಿದ ಸಾಲು, ನಡುವೆ ಸಣ್ಣ ಕಾಲುವೆ ಬಿದ್ದಿರುತ್ತದೆ. ಗರಗಸವನ್ನು ಓರೆ ಹಿಡಿದು ಆ ಕಾಲುವೆಯಲ್ಲಿ ಸೂಜಿ ಬಿಟ್ಟರು. ಸೂಜಿ ಹಿಡಿಯಿಂದ ತುದಿಯ ತನಕ ಜಾರಿಕೊಂಡು ಹೋಯಿತು, ಬೀಳಲಿಲ್ಲ. ಕಣದಲ್ಲಿದ್ದ ಮಕ್ಕಳೆಲ್ಲ ಮತ್ತೆ ಮತ್ತೆ ಬಿಡಿ ಅಂದರು, ಅಜ್ಜ ಐದು ಸಲ ಬಿಟ್ಟರು.

ಅದೇ ತುಂಡು, ಹಳೇ ಸೀಳಿನ ಪಕ್ಕದಲ್ಲೇ ಹಿಡಿದೆವು. ಗರಗಸ ಒಂದು ಸಲವೂ ನಿಲ್ಲದೆ ಆಚೆ ಬಂತು. ಸೀಳಿನ ಅಗಲ 1.5 ಮಿಲಿಮೀಟರ್. ಹೊಟ್ಟು ಪುಡಿಯಾಗದೆ ಎಳೆ ಎಳೆಯಾಗಿ ಬಿದ್ದಿತ್ತು. ಇದಾದ ಮೇಲೆ ನನಗೆ ಸಂಶಯ ಉಳಿಯಲಿಲ್ಲ.

ನಿಮ್ಮ ಮನೆಯಲ್ಲಿ ಇಂಥದು ಸಿಕ್ಕಿ ಹೊಸ ಗರಗಸಕ್ಕೆ ಹಾಕಿ ನೋಡುವ ಆಸೆಯಾದರೆ, ದಯವಿಟ್ಟು ಹಲ್ಲಿನ ಬಣ್ಣ ನೋಡಿ. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಗರಗಸಗಳ ಹಲ್ಲಿನ ತುದಿ ಕಪ್ಪು ನೀಲಿ ಇರುತ್ತದೆ. ಅದನ್ನು ಕಾರ್ಖಾನೆಯಲ್ಲೇ ಬಹಳ ಗಡಸು ಮಾಡಿರುತ್ತಾರೆ. ಅರ ಹಿಡಿಯುವುದಿಲ್ಲ, ಬಗ್ಗಿಸಲು ಹೋದರೆ ಹಲ್ಲು ಸಿಡಿದು ಕಣ್ಣಿಗೆ ಬೀಳಬಹುದು. ಮೊಂಡಾದರೆ ಎಸೆಯಬೇಕು, ಅಷ್ಟೇ. ಈ ಪಟ್ಟಿ ಅಟ್ಟ ಸೇರಿದ್ದಕ್ಕೆ ಅದೂ ಒಂದು ಕಾರಣ, ಕೊಯ್ಯುವ ಮಿಲ್ಲು ಬಂದದ್ದು ಇನ್ನೊಂದು. ಆದರೆ ಕೆಲಸದ ಗುಟ್ಟು ಎಲ್ಲೂ ಹೋಗಿಲ್ಲ. ತೋಟದಲ್ಲಿ ಮರಗಸಿ ಮಾಡಲು, ಅಂದರೆ ನೆರಳಿನ ಮರದ ಕೊಂಬೆ ಕಡಿಯಲು, ಬರುವವರ ಚೈನ್ ಗರಗಸದ ಸರಪಳಿಯನ್ನು ಬಿಡಿಸಿ ನೋಡಿ, ಒಂದು ಹಲ್ಲು ಎಡಗಡೆಯದು, ಮುಂದಿನದು ಬಲಗಡೆಯದು.

ಪಟ್ಟಿಗೆ ತೆಳುವಾಗಿ ಎಣ್ಣೆ ಸವರಿ, ರಟ್ಟಿನ ಚೀಟಿ ಕಟ್ಟಿದೆ. ಚೀಟಿಯಲ್ಲಿ ಬರೆದದ್ದು ಇಷ್ಟು: “ಹಲ್ಲು ಬಗ್ಗಿಸೋದು. ಗರಗಸಕ್ಕೆ. ಹಳೇ ಅರದಿಂದ ಮಾಡಿದ್ದು. ಒಂದು ಬಿಟ್ಟು ಒಂದು. ಪೇಂಟ್ ಡಬ್ಬಕ್ಕೆ ಬಳಸಬೇಡಿ.” ಕೆಳಗೆ ನಾಲ್ಕು ಕಚ್ಚಿನ ಅಳತೆ. ಜಗಲಿಯ ಕಂಬದ ಮೊಳೆಗೆ, ದೊಡ್ಡಪ್ಪನ ಗರಗಸದ ಪಕ್ಕದಲ್ಲಿ ನೇತುಹಾಕಿ ಊರಿಗೆ ಬಂದೆ.

ಮುಂದಿನ ವಾರ ಅಣ್ಣನ ಫೋನ್ ಬಂತು. ಅಜ್ಜ ಮೊಮ್ಮಗನನ್ನು ಕಳಿಸಿದ್ದರಂತೆ, ಮಾಡಿನ ಗರಗಸ ಇಳಿಸಿದ್ದೇವೆ, ಎರಡು ದಿನಕ್ಕೆ ಅದನ್ನು ಕೊಡಿ ಅಂತ. ದೊಡ್ಡಪ್ಪ ಚೀಟಿ ಬಿಚ್ಚಿ ಮೊಳೆಯಲ್ಲೇ ಬಿಟ್ಟು, ಪಟ್ಟಿ ಕೊಟ್ಟು ಕಳಿಸಿದರು.